ಎಸ್ಸೆಸ್ಸೆಲ್ಸಿ ಆಯ್ತು, ಮಿಷಿನ್ ಕೆಲಸ ಕಲೀಬೇಕು: ಐಟಿಐನಾ, ಡಿಪ್ಲೊಮಾನಾ, ಜಿಟಿಟಿಸಿನಾ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಊರಿಂದ ನಂಗೆ ಫೋನ್ ಮೇಲೆ ಫೋನು. ಬೆಂಗಳೂರಿನ ಪೀಣ್ಯದಲ್ಲಿ ಟೂಲ್ ರೂಮ್‌ನಲ್ಲಿ, ಅಂದ್ರೆ ಡೈ, ಮೋಲ್ಡ್ (ಪಾರ್ಟ್‌ಗೆ ಆಕಾರ ಕೊಡೋ ಅಚ್ಚು) ಮಾಡೋ ಶಾಪ್‌ನಲ್ಲಿ ಇದೀನಿ ಅಂತ ನೆಂಟರಿಗೆಲ್ಲ ಗೊತ್ತು, ಹಂಗಾಗಿ "ಹುಡುಗಂಗೆ 58 ಪರ್ಸೆಂಟ್ ಬಂದೈತೆ ಕಣಣ್ಣ, ಐಟಿಐಗೆ ಹಾಕ್ಲಾ ಡಿಪ್ಲೊಮಾಗೆ ಹಾಕ್ಲಾ" ಅಂತ ಕೇಳ್ತಾರೆ, ಆದ್ರೆ ಕೇಳೋ ದನಿಯಲ್ಲೇ ಅರ್ಧ ಉತ್ತರ ಇರತ್ತೆ, ಡಿಪ್ಲೊಮಾ ಅಂದ್ರೆ ಇಂಜಿನಿಯರ್ ಥರ, ಐಟಿಐ ಅಂದ್ರೆ ಓದು ಹತ್ತದವರು ಹೋಗೋ ಜಾಗ ಅಂತ. ಈ ಮಾತು ಕೇಳಿದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ. ನಮ್ಮ ಶಾಪ್‌ನಲ್ಲಿ ಇಡೀ ಫ್ಲೋರ್ ಕೈ ಕಟ್ಟಿ ಕೂತಾಗ ಒಂದು ಡೈ ಸರಿ ಮಾಡಿ ಲೈನ್ ಓಡಿಸೋ ಫಿಟ್ಟರ್‌ನ ನೋಡಿದವರು ಯಾರೂ ಹಂಗೆ ಮಾತಾಡಲ್ಲ.

ನಾನು ತಿರುಗಿ ಎರಡೇ ಪ್ರಶ್ನೆ ಕೇಳ್ತೀನಿ. ಇವನ ಸಂಬಳ ಇಲ್ದೆ ಮನೆ ಇನ್ನೆಷ್ಟು ವರ್ಷ ನಡಿಯತ್ತೆ? ಹುಡುಗ ಪುಸ್ತಕ ಹಿಡ್ಕೊಂಡು ಎರಡು ಗಂಟೆ ಕೂರ್ತಾನಾ, ಇಲ್ಲಾ ಪಂಪ್‌ಸೆಟ್ ಮೋಟರ್ ಬಿಚ್ಚಿ ಜೋಡಿಸ್ತಾ ಊಟ ಮರೀತಾನಾ? ಎರಡಕ್ಕೂ ಮನೇಲಿ ಕೂತು ಪ್ರಾಮಾಣಿಕವಾಗಿ ಉತ್ತರ ಹೇಳ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ. ಮಾರ್ಕ್ಸು, ಪಕ್ಕದ ಮನೆಯವರ ಮಗ ಎಲ್ಲಿ ಸೇರ್ದ, ಇವೆಲ್ಲ ಆಮೇಲಿನ ಮಾತು.

ಇರೋ ದಾರಿಗಳು ಏನೇನು ಅಂತ ಮೊದಲು ಹೇಳಿಬಿಡ್ತೀನಿ. ಒಂದು ಅಥವಾ ಎರಡು ವರ್ಷದ ಐಟಿಐ, ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ, ಮೂರು ವರ್ಷ ಪ್ಲಸ್ ಒಂದು ವರ್ಷ ಕಂಪನಿ ಟ್ರೈನಿಂಗ್ ಇರೋ ಜಿಟಿಟಿಸಿ (ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ), ಅದೇ ಥರದ್ದು ಎನ್‌ಟಿಟಿಎಫ್ ಅನ್ನೋ ಸಂಸ್ಥೆ, ಬಿಡದಿಯ ಟೊಯೋಟಾ ಇನ್‌ಸ್ಟಿಟ್ಯೂಟ್ ಥರ ಕಂಪನಿಯವರೇ ನಡೆಸೋ ಶಾಲೆ, ಇವೆಲ್ಲದರ ಮೇಲೆ ಅಪ್ರೆಂಟಿಸ್‌ಶಿಪ್ (ಕಂಪನಿಯಲ್ಲಿ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯೋದು), ಮತ್ತೆ ಯಾವ ಕೋರ್ಸೂ ಇಲ್ದೆ ನೇರ ಲೈನ್ ಕೆಲಸಕ್ಕೆ ಹೋಗೋದು. ನಾನು ಹೇಳೋದೆಲ್ಲ ಕರ್ನಾಟಕದ ಲೆಕ್ಕ, ಅದರಲ್ಲೂ ಮೆಕ್ಯಾನಿಕಲ್ ಕಡೆಯವನ ಲೆಕ್ಕ.

ಐಟಿಐಯಿಂದ ಶುರು ಮಾಡ್ತೀನಿ, ಯಾಕಂದ್ರೆ ಇದರ ಬಗ್ಗೆನೇ ಜನಕ್ಕೆ ತಪ್ಪು ತಿಳುವಳಿಕೆ ಜಾಸ್ತಿ. ಕೇಂದ್ರ ಸರ್ಕಾರ 1950ರಲ್ಲಿ ಶುರು ಮಾಡಿದ ಕುಶಲಕರ್ಮಿ ತರಬೇತಿ ಯೋಜನೆ ಇದು, ಸಿಲಬಸ್ ಇಡೀ ದೇಶಕ್ಕೆ ಒಂದೇ, ಪರೀಕ್ಷೆನೂ ಅಖಿಲ ಭಾರತ ಟ್ರೇಡ್ ಟೆಸ್ಟ್ ಅಂತ ಒಂದೇ. ಹಾಗಾಗಿ ತಿಪಟೂರಲ್ಲಿ ಪಾಸಾದ ಫಿಟ್ಟರ್ ಸರ್ಟಿಫಿಕೇಟ್ ಪುಣೆಯಲ್ಲೂ ನಡಿಯತ್ತೆ, ಚೆನ್ನೈಯಲ್ಲೂ ನಡಿಯತ್ತೆ. ಫಿಟ್ಟರ್ (ಬಿಡಿಭಾಗ ಅಳತೆಗೆ ಉಜ್ಜಿ ಜೋಡಿಸೋನು), ಟರ್ನರ್ (ಲೇತ್ ಮಿಷಿನ್‌ನಲ್ಲಿ ಲೋಹ ತಿರುಗಿಸಿ ಕತ್ತರಿಸೋನು), ಮಷಿನಿಸ್ಟ್ (ಮಿಲ್ಲಿಂಗ್ ಥರದ ಮಿಷಿನ್ ನಡೆಸೋನು), ಎಲೆಕ್ಟ್ರಿಷಿಯನ್, ಟೂಲ್ ಅಂಡ್ ಡೈ ಮೇಕರ್ ಇವೆಲ್ಲ ಎರಡು ವರ್ಷ, ವೆಲ್ಡರ್ ಮತ್ತೆ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ. 2022ರಲ್ಲಿ ಪರಿಷ್ಕರಿಸಿದ ಫಿಟ್ಟರ್ ಸಿಲಬಸ್ ನೋಡಿದ್ರೆ ಮೊದಲ ವರ್ಷದ 1,200 ಗಂಟೆಯಲ್ಲಿ 840 ಗಂಟೆ ಪ್ರಾಕ್ಟಿಕಲ್, ಅಂದ್ರೆ ಹತ್ತರಲ್ಲಿ ಏಳು ಪಾಲು ವರ್ಕ್‌ಶಾಪ್‌ನಲ್ಲಿ ನಿಂತೇ ಕಳೀಬೇಕು. ಪಾಸಾಗೋಕೂ ಥಿಯರಿಯಲ್ಲಿ 33 ಪರ್ಸೆಂಟ್ ಸಾಕು ಆದ್ರೆ ಪ್ರಾಕ್ಟಿಕಲ್‌ನಲ್ಲಿ 60 ಬೇಕು. ಕೈಗೆ ಎಷ್ಟು ಬೆಲೆ ಕೊಟ್ಟಿದಾರೆ ಅಂತ ಈ ಎರಡು ಸಂಖ್ಯೆಯಲ್ಲೇ ಗೊತ್ತಾಗತ್ತೆ.

ಸೇರಿದ ಹುಡುಗ ಮೊದಲ ತಿಂಗಳು ಮನೆಗೆ ಬಂದು ಹೇಳೋ ದೂರು ಒಂದೇ, "ಬರೀ ಫೈಲಿಂಗ್ ಮಾಡಿಸ್ತಾರಪ್ಪ" ಅಂತ. ಹೌದು, ಒಂದು ಎಂಎಸ್ (ಮೆದು ಉಕ್ಕು) ತುಂಡು ವೈಸ್‌ಗೆ ಕಟ್ಟಿ ಅರ ಹಿಡಿದು ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಏಳತ್ತೆ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ಸಂದಿಯಲ್ಲಿ ಬೆಳಕು ಕಂಡ್ರೆ ಮತ್ತೆ ಉಜ್ಜು ಅಂತಾರೆ. ಇದು ಶಿಕ್ಷೆ ಅಂತ ತಂದೆತಾಯಿ ಅಂದ್ಕೋಬೇಡಿ. ಹುಡುಗನ ಕೈ ಅಲ್ಲಿ ಅಳತೆ ಕಲೀತಾ ಇರತ್ತೆ, ಎಷ್ಟು ಒತ್ತಿದ್ರೆ ಎಷ್ಟು ಹೋಗತ್ತೆ, ಅಂಚು ಎಲ್ಲಿ ಇಳೀತು, ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಅಂದ್ರೆ ಏನು, ಮೈಕ್ರೋಮೀಟರ್‌ನಲ್ಲಿ 0.01 ಅಂದ್ರೆ ಏನು ಅಂತ. ಹತ್ತು ವರ್ಷ ಆದಮೇಲೆ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸೋ ಮಿಷಿನ್ ಮುಂದೆ ನಿಂತಾಗಲೂ ಜಾಬ್ (ಮಿಷಿನ್‌ನಲ್ಲಿ ಮಾಡಿದ ಪೀಸ್) ಕೈಗೆ ತಗೊಂಡ ತಕ್ಷಣ ಏನೋ ಸರಿ ಇಲ್ಲ ಅನ್ಸತ್ತಲ್ಲ, ಆ ಅನ್ಸೋದು ಫೈಲಿಂಗ್ ದಿನಗಳಲ್ಲೇ ಬಂದಿರೋದು.

ಆದ್ರೆ ಎಲ್ಲಾ ಐಟಿಐ ಹಿಂಗೇ ಅಂತ ನಾನು ಹೇಳಲ್ಲ, ಇಲ್ಲೇ ಎಚ್ಚರ ಬೇಕು. ನಾನು ಓದಿದ್ದು ಒಂದು ಪ್ರೈವೇಟ್ ಐಟಿಐ, ಹೆಸರು ಬೇಡ. ಬೋರ್ಡು ದೊಡ್ಡದಿತ್ತು, ಒಳಗೆ ಎರಡು ಲೇತ್, ಒಂದಕ್ಕೆ ಮೋಟರೇ ಇರಲಿಲ್ಲ, ಇನ್ನೊಂದಕ್ಕೆ ಯಾವಾಗ್ಲೂ ಟಾರ್ಪಾಲಿನ್ ಹೊದಿಸಿರ್ತಿದ್ರು. ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಮಾತ್ರ ಚೆನ್ನಾಗಿ ಬರ್ಸಿದ್ರು. ಎರಡು ವರ್ಷ ಅಪ್ಪ ಹಸು ಹಾಲು ಮಾರಿ ಫೀಸು ಕಟ್ಟಿದ್ದು. ಕೆಲಸಕ್ಕೆ ಸೇರಿದ ಮೊದಲ ದಿನ ಡ್ರಾಯಿಂಗ್ ಕೈಗೆ ಕೊಟ್ಟಾಗ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆದ್ರೆ ನಡಿಯತ್ತೆ ಅನ್ನೋದು) ಓದೋಕೆ ಬರಲಿಲ್ಲ, ಅಲ್ಲಿನ ಹಿರಿಯ ಫಿಟ್ಟರ್ ಒಬ್ಬರು ಊಟದ ಟೈಮಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು ಮೊದಲಿಂದ ಹೇಳ್ಕೊಟ್ರು, ಇಲ್ದಿದ್ರೆ ನಾನು ವಾರಕ್ಕೇ ಊರಿಗೆ ವಾಪಸ್ ಹೋಗ್ತಿದ್ದೆ. ಆ ಎರಡು ವರ್ಷ ವಾಪಸ್ ಬರಲ್ಲ. ಇಷ್ಟುದ್ದ ಬರೀತಾ ಇರೋದೂ ಅದಕ್ಕೇ.

ಹಂಗಾಗಿ ಮೊದಲ ಆಯ್ಕೆ ಸರ್ಕಾರಿ ಐಟಿಐ ಇರಲಿ. ಫೀಸ್ ತುಂಬ ಕಡಿಮೆ, ಮತ್ತೆ ಈಗ ಇನ್ನೊಂದು ಕಾರಣ ಇದೆ, ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಮೇಲ್ದರ್ಜೆಗೆ ಏರಿಸಿದಾರೆ, 2022ರ ಜೂನ್‌ನಲ್ಲಿ ಉದ್ಘಾಟನೆ ಆಯ್ತು, ಸಾವಿರಾರು ಕೋಟಿಯ ಪ್ರಾಜೆಕ್ಟ್. ಅಲ್ಲಿ ಸಿಎನ್‌ಸಿ, ರೋಬೋಟಿಕ್ಸ್, ಎಲೆಕ್ಟ್ರಿಕ್ ವೆಹಿಕಲ್ ಮೆಕ್ಯಾನಿಕ್ ಥರದ ಹೊಸ ಟ್ರೇಡುಗಳೂ ಬಂದಿವೆ. ನಿಮ್ಮ ತಾಲೂಕಿಂದು ಆ ಪಟ್ಟಿಯಲ್ಲಿದ್ಯಾ ಅಂತ ಹೋಗಿ ಕೇಳಿ. ಕೇಳೋದ್ರ ಜೊತೆಗೆ ಇನ್ನೊಂದು, ಆ ಹೊಸ ಮಿಷಿನ್ ಹೇಳ್ಕೊಡೋ ಮೇಷ್ಟ್ರು ಇದಾರಾ, ವಾರಕ್ಕೆ ಎಷ್ಟು ದಿನ ಮಿಷಿನ್ ಆನ್ ಆಗತ್ತೆ ಅಂತ ಈಗ ಓದ್ತಾ ಇರೋ ಹುಡುಗರನ್ನ ಗೇಟ್ ಹತ್ರ ನಿಲ್ಲಿಸಿ ಕೇಳಿ, ಅವರು ಸುಳ್ಳು ಹೇಳಲ್ಲ. ಪ್ರೈವೇಟ್‌ಗೆ ಹಾಕಲೇಬೇಕು ಅಂದ್ರೆ ಆ ಸಂಸ್ಥೆಗಷ್ಟೇ ಅಲ್ಲ, ನೀವು ಸೇರೋ ಆ ಟ್ರೇಡ್‌ಗೇ ಕೇಂದ್ರದ ಅಫಿಲಿಯೇಷನ್ ಇದ್ಯಾ ನೋಡ್ಕೊಳಿ, ಕೆಲವು ಕಡೆ ಎಲೆಕ್ಟ್ರಿಷಿಯನ್‌ಗೆ ಇರತ್ತೆ, ಫಿಟ್ಟರ್‌ಗೆ ಇರಲ್ಲ.

ಟ್ರೇಡ್ ಆಯ್ಕೆ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ. ಎಲ್ಲರೂ ಎಲೆಕ್ಟ್ರಿಷಿಯನ್ ಕೇಳ್ತಾರೆ, ಅದರಲ್ಲಿ ತಪ್ಪಿಲ್ಲ, ಫ್ಯಾಕ್ಟರಿ ಮೆಂಟೇನೆನ್ಸ್‌ಗೂ ಆಗತ್ತೆ, ಊರಲ್ಲಿ ಮನೆ ವೈರಿಂಗ್, ಮೋಟರ್ ರಿಪೇರಿ ಸ್ವಂತಕ್ಕೂ ಆಗತ್ತೆ, ಅದಕ್ಕೇ ಸೀಟು ಬೇಗ ತುಂಬತ್ತೆ, ಒಳ್ಳೆ ಮಾರ್ಕ್ಸ್ ಬೇಕು. ಫಿಟ್ಟರ್ ಅಂದ್ರೆ ಎಲ್ಲಾ ಕಡೆ ಹೊಂದ್ಕೊಳ್ಳೋ ಟ್ರೇಡು, ರೈಲ್ವೆ, ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಯಾವ ಅಪ್ರೆಂಟಿಸ್ ನೋಟಿಫಿಕೇಷನ್ ತೆಗೆದ್ರೂ ಫಿಟ್ಟರ್ ಹೆಸರು ಇದ್ದೇ ಇರತ್ತೆ. ಟರ್ನರ್, ಮಷಿನಿಸ್ಟ್ ಕೇಳೋರು ಕಮ್ಮಿ, ನನ್ನ ಮಾತು ಕೇಳಿದ್ರೆ ಇದನ್ನ ಕಡೆಗಣಿಸಬೇಡಿ, ಯಾಕಂದ್ರೆ ಕನ್ವೆನ್ಷನಲ್ ಲೇತ್‌ನಲ್ಲಿ ಟೂಲ್ ಗ್ರೈಂಡ್ ಮಾಡೋದು, ಥ್ರೆಡ್ ಕಟ್ ಮಾಡೋದು ಗೊತ್ತಿರೋ ಹುಡುಗ ಸಿಎನ್‌ಸಿಗೆ ಹೋದ್ರೆ ಬರೀ ಬಟನ್ ಒತ್ತೋ ಆಪರೇಟರ್ ಆಗಿ ಉಳಿಯಲ್ಲ, ಮಿಷಿನ್‌ನ ಕೆಲಸಕ್ಕೆ ಹೊಂದಿಸೋ ಸೆಟ್ಟರ್ ಆಗ್ತಾನೆ, ಆಪರೇಟರ್‌ಗೂ ಸೆಟ್ಟರ್‌ಗೂ ಸಂಬಳದಲ್ಲಿ ಇರೋ ದೂರ ಪೀಣ್ಯದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಬೆಳಗಾವಿ ಉದ್ಯಮಬಾಗ್ ಕಡೆ, ಶಿವಮೊಗ್ಗ ಮಾಚೇನಹಳ್ಳಿ ಕಡೆ ಇರೋರಿಗೆ ಫೌಂಡ್ರಿ ಮತ್ತೆ ಮಷಿನಿಂಗ್ ಮನೆ ಬಾಗಿಲಲ್ಲೇ ಇದೆ, ಬೆಂಗಳೂರಿಗೇ ಬರಬೇಕು ಅಂತ ಇಲ್ಲ.

ವೆಲ್ಡರ್ ಒಂದೇ ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಫೇಲ್ ಆಗಿ ಮನೇಲಿ ಮುಖ ತೋರಿಸೋಕೆ ಆಗದೆ ಕೂತಿರೋ ಹುಡುಗರು ಇದನ್ನ ಓದ್ತಾ ಇದ್ರೆ ಕೇಳ್ಸ್ಕೊಳಿ, ವೆಲ್ಡರ್, ವೈರ್‌ಮನ್, ಪ್ಲಂಬರ್ ಇವಕ್ಕೆ ಎಂಟನೇ ಕ್ಲಾಸ್ ಪಾಸಾಗಿದ್ರೆ ಸಾಕು. ಕಡ್ಡಿ ಹಿಡಿದು ಮಾಡೋ ಆರ್ಕ್ ವೆಲ್ಡಿಂಗ್‌ಗೆ ನಿಲ್ಲಬೇಡಿ, ಗ್ಯಾಸ್ ಬಳಸಿ ಮಾಡೋ ಸಿಓಟು ಮತ್ತೆ ಟಿಗ್ ವೆಲ್ಡಿಂಗ್ ಕಲೀರಿ, ಟಿಗ್ ಕೈ ಚೆನ್ನಾಗಿ ಕೂತ ವೆಲ್ಡರ್‌ನ ಕಂಪನಿಯವರು ಹುಡುಕ್ಕೊಂಡು ಬರ್ತಾರೆ. ಕಣ್ಣು, ಶ್ವಾಸಕೋಶ ಜೋಪಾನ, ಸ್ಕ್ರೀನ್ ಇಲ್ದೆ ಒಂದು ಸ್ಪಾಟ್ ಕೂಡ ಹೊಡೀಬೇಡಿ.

ಈಗ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಪಾಸಾಗಿ 35 ಪರ್ಸೆಂಟ್ ಇದ್ರೆ ಅರ್ಜಿ ಹಾಕಬಹುದು, ಮೂರು ವರ್ಷ, ಆರು ಸೆಮಿಸ್ಟರು. ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ರ ಇರೋ ಎಸ್‌ಜೆ ಪಾಲಿಟೆಕ್ನಿಕ್ 1943ರಿಂದ ಇದೆ, ಮಂಗಳೂರಿನ ಕೆಪಿಟಿ 1946ರಿಂದ, ಇಂಥ ಹಳೇ ಸರ್ಕಾರಿ ಕಾಲೇಜಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದ್ರೆ ಎರಡನೇ ಯೋಚನೆ ಬೇಡ ಅನ್ನೋಷ್ಟು ಒಳ್ಳೇದು. ಡಿಪ್ಲೊಮಾದಲ್ಲಿ ಗಣಿತ, ಡ್ರಾಯಿಂಗ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಥರ್ಮಲ್ ಎಲ್ಲ ಇರತ್ತೆ, ಯಾಕೆ ಹಿಂಗೆ ಆಗತ್ತೆ ಅನ್ನೋದು ಕಲಿಸ್ತಾರೆ, ಕೈಗೆ ಸಿಗೋ ಮಿಷಿನ್ ಟೈಮ್ ಐಟಿಐಗಿಂತ ಕಮ್ಮಿ. ಮುಗಿಸಿದವರನ್ನ ಕಂಪನಿಯಲ್ಲಿ ಕ್ವಾಲಿಟಿ, ಪ್ಲಾನಿಂಗ್, ಡಿಸೈನ್, ಲೈನ್ ಸೂಪರ್‌ವೈಸರ್ ಕಡೆ ತಗೋತಾರೆ. ಕನ್ನಡ ಮೀಡಿಯಂ ಹುಡುಗರಿಗೆ ಮೊದಲ ವರ್ಷದ ಗಣಿತ ಮತ್ತೆ ಇಂಗ್ಲಿಷ್ ಪುಸ್ತಕ ಎರಡೂ ಒಟ್ಟಿಗೆ ಬಂದು ಕೂತ್ಕೊಳ್ಳತ್ತೆ, ನಮ್ಮೂರಿಂದ ಹೋದ ಇಬ್ಬರು ಎರಡೆರಡು ಸಬ್ಜೆಕ್ಟ್ ಬ್ಯಾಕ್ ಉಳಿಸ್ಕೊಂಡು ಐದು ವರ್ಷ ಆದ್ರೂ ಸರ್ಟಿಫಿಕೇಟ್ ಇಲ್ದೆ ಇದಾರೆ. ಮೂರು ವರ್ಷ ಓದಿ ಡಿಪ್ಲೊಮಾ ಫೇಲ್ ಅಂತ ಹೇಳಿದ್ರೆ ಎಚ್‌ಆರ್ ಲೆಕ್ಕದಲ್ಲಿ ಅದು ಎಸ್ಸೆಸ್ಸೆಲ್ಸಿ ಮಾತ್ರ, ಇದನ್ನ ಸೇರೋಕೆ ಮುಂಚೆನೇ ತಿಳ್ಕೊಂಡಿರಬೇಕು. ಗಣಿತದಲ್ಲಿ ಹುಡುಗನಿಗೆ ನಿಜವಾಗ್ಲೂ ಆಸಕ್ತಿ ಇದ್ಯಾ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ.

ಇನ್ನು ಜಿಟಿಟಿಸಿ, ನಂಗೆ ತುಂಬ ಇಷ್ಟ ಆಗೋ ದಾರಿ, ಆದ್ರೆ ಹಳ್ಳಿ ಕಡೆ ಹೆಸರೇ ಕೇಳಿಲ್ಲ ಅಂತಾರೆ ಎಷ್ಟೋ ಜನ. ಪೂರ್ತಿ ಹೆಸರು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ದೇಶದ ಸಹಾಯದಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾಯ್ತು, ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರು, ಹಾಸನ, ಹರಿಹರ, ಕೂಡಲಸಂಗಮ, ದಾಂಡೇಲಿ ಅಂತ ರಾಜ್ಯದ ಸುಮಾರು ಕಡೆ ಸೆಂಟರ್ ಇದಾವೆ. ಟೂಲ್ ಅಂಡ್ ಡೈ ಮೇಕಿಂಗ್, ಪ್ರಿಸಿಷನ್ ಮ್ಯಾನುಫ್ಯಾಕ್ಚರಿಂಗ್, ಮೆಕಾಟ್ರಾನಿಕ್ಸ್ (ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ್ದು) ಡಿಪ್ಲೊಮಾಗಳು. ಮೂರು ವರ್ಷ ಒಳಗೆ, ಕೊನೇ ಒಂದು ವರ್ಷ ಕಂಪನಿಯಲ್ಲಿ ಸ್ಟೈಪೆಂಡ್ ಜೊತೆ ಟ್ರೈನಿಂಗ್. ಇದರ ವಿಶೇಷ ಏನು ಅಂದ್ರೆ ಅದು ಬರೀ ಶಾಲೆ ಅಲ್ಲ, ಹೊರಗಿನ ಕಂಪನಿಗಳಿಗೆ ಡೈ, ಮೋಲ್ಡ್, ಪ್ರಿಸಿಷನ್ ಪಾರ್ಟ್ ಮಾಡಿಕೊಡೋ ನಿಜವಾದ ಟೂಲ್ ರೂಮ್. ಮನೇಲಿ ಇರೋ ಬಕೆಟ್ಟು, ಸ್ವಿಚ್ಚು, ಬಾಟಲ್ ಮುಚ್ಚಳ, ಬೈಕಿನ ಬ್ರಾಕೆಟ್ಟು ಎಲ್ಲ ಮೊದಲು ಯಾರೋ ಒಬ್ಬ ಟೂಲ್ ಮೇಕರ್ ಕೈಯಲ್ಲಿ ಮೋಲ್ಡೋ ಡೈಯೋ ಆಗಿ ಹುಟ್ಟಿರತ್ತೆ, ಆಮೇಲೆ ಲಕ್ಷಗಟ್ಟಲೆ ಪೀಸ್ ಬರೋದು. ಆ ಡೈನಲ್ಲಿ ಎರಡು ಹಂಡ್ರೆಡ್, ಅಂದ್ರೆ 0.02 ಮಿಲಿಮೀಟರ್ ತಪ್ಪಿದ್ರೆ ಅಷ್ಟೂ ಪೀಸ್‌ನಲ್ಲಿ ಆ ತಪ್ಪು ಕೂತಿರತ್ತೆ. ಹಂಗಾಗಿ ಸರ್ಫೇಸ್ ಗ್ರೈಂಡಿಂಗ್, ವೈರ್ ಕಟ್, ಇಡಿಎಂ, ವಿಎಂಸಿ ಥರದ ನಿಖರ ಮಿಷಿನ್ ಎಲ್ಲದರ ಮೇಲೂ ಹುಡುಗರನ್ನ ನಿಲ್ಲಿಸ್ತಾರೆ. ನಮ್ಮ ಶಾಪ್‌ಗೆ ಬಂದ ಜಿಟಿಟಿಸಿ ಹುಡುಗರು ಡ್ರಾಯಿಂಗ್ ಕೊಟ್ಟ ಮೇಲೆ ಮೊದಲು ಕೇಳೋದೇ "ಡೇಟಮ್ ಯಾವುದು ಸರ್" ಅಂತ, ಅಂದ್ರೆ ಅಳತೆ ಎಲ್ಲಿಂದ ಹಿಡೀಬೇಕು ಅಂತ, ಆ ಒಂದು ಪ್ರಶ್ನೆಗೇ ನಂಗೆ ಖುಷಿ ಆಗತ್ತೆ. ತೊಂದರೆ ಅಂದ್ರೆ ಫೀಸು ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ, ನಾಲ್ಕು ವರ್ಷ ಬೇಕು, ಶಿಸ್ತು ಬಿಗಿ, ಹಾಜರಾತಿಯಲ್ಲಿ ಸಡಿಲ ಇಲ್ಲ.

ಎನ್‌ಟಿಟಿಎಫ್ ಕೂಡ ಇದೇ ಜಾತಿದು, 1959ರಲ್ಲಿ ಕೇರಳದ ತಲಶ್ಶೇರಿ ಹತ್ರ ನೆಟ್ಟೂರಲ್ಲಿ ಸ್ವಿಸ್ ನೆರವಿನಿಂದ ಶುರುವಾಗಿದ್ದು, ಆಮೇಲೆ ಬೆಂಗಳೂರಿನ ಪೀಣ್ಯ, ಧಾರವಾಡ ಕಡೆ ಎಲ್ಲ ಬಂತು. ಟೂಲ್ ರೂಮ್ ಜಗತ್ತಲ್ಲಿ ಎನ್‌ಟಿಟಿಎಫ್‌ನವನು ಅಂದ್ರೆ ಒಂದು ಗೌರವ ಇದೆ, ಹಳಬರು ಎಷ್ಟೋ ಜನ ಸ್ವಂತ ಟೂಲ್ ರೂಮ್ ಹಾಕಿದಾರೆ. ಫೀಸ್ ಈ ಎಲ್ಲಾ ದಾರಿಗಳಲ್ಲೂ ಜಾಸ್ತಿ, ಲೋನ್ ಮಾಡಿ ಹಾಕೋದಾದ್ರೆ ಮೊದಲು ಸರ್ಕಾರಿದು ನೋಡಿ ಅಂತೀನಿ ನಾನು. ಮುಂದೆ ಇಂಜಿನಿಯರಿಂಗ್ ಆಸೆ ಇದ್ರೆ ನೀವು ಸೇರೋ ಆ ಕೋರ್ಸ್‌ನ ಡಿಪ್ಲೊಮಾ ಎರಡನೇ ವರ್ಷದ ಬಿಇ ಪ್ರವೇಶಕ್ಕೆ ನಡಿಯತ್ತಾ ಅಂತ ಆಫೀಸಲ್ಲಿ ಬರವಣಿಗೆಯಲ್ಲೇ ಕೇಳಿ ತಗೊಳಿ, ಬಾಯಿ ಮಾತು ಸಾಲದು.

ಬಡ ಮನೆಯ ಮಕ್ಕಳಿಗೆ ಬಿಡದಿಯ ಟೊಯೋಟಾ ಟೆಕ್ನಿಕಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಒಂದು ದೊಡ್ಡ ಬಾಗಿಲು. 2007ರಲ್ಲಿ ಶುರುವಾಯ್ತು, ಎಸ್ಸೆಸ್ಸೆಲ್ಸಿ ಆದ ಗ್ರಾಮೀಣ ಮಕ್ಕಳನ್ನ ಪರೀಕ್ಷೆ, ಇಂಟರ್‌ವ್ಯೂ ಮಾಡಿ ತಗೋತಾರೆ, ಮೂರು ವರ್ಷ ಅಲ್ಲೇ ಹಾಸ್ಟೆಲ್, ಊಟ, ತರಬೇತಿ ಎಲ್ಲ ಕಂಪನಿ ಖರ್ಚು, ಆಟೋಮೊಬೈಲ್ ಅಸೆಂಬ್ಲಿ, ವೆಲ್ಡ್, ಪೇಂಟ್, ಮೆಕಾಟ್ರಾನಿಕ್ಸ್ ವಿಭಾಗಗಳು. ಹುಡುಗಿಯರಿಗೂ ಈಗ ತರಬೇತಿ ಇದೆ. ವರ್ಲ್ಡ್ ಸ್ಕಿಲ್ಸ್ ಸ್ಪರ್ಧೆವರೆಗೂ ಇಲ್ಲಿನ ಮಕ್ಕಳು ಹೋಗಿ ಬಂದಿದಾರೆ. ಅರ್ಜಿ ಹಾಕೋರು ಜಾಸ್ತಿ, ಸೀಟು ಕಮ್ಮಿ, ಅದಕ್ಕೇ ಹತ್ತನೇ ಕ್ಲಾಸ್ ಓದ್ತಾ ಇರೋವಾಗ್ಲೇ ಹೈಸ್ಕೂಲ್ ಮೇಷ್ಟ್ರಿಗೆ ಹೇಳಿ ಅರ್ಜಿ ದಿನಾಂಕ ನೋಡ್ಕೊಂಡಿರಿ, ರಿಸಲ್ಟ್ ಬಂದ ಮೇಲೆ ಓಡಾಡಿದ್ರೆ ತಡ ಆಗಿರತ್ತೆ. ಒಂದು ಮಾತು, ಅಲ್ಲಿ ಕಲಿಯೋದು ಒಂದು ಕಂಪನಿಯ ಪದ್ಧತಿ, ಶಿಸ್ತು, ಟೈಮು, ಸ್ವಚ್ಛತೆ ಎಲ್ಲ ಅವರ ಲೆಕ್ಕದಲ್ಲಿ, ಮನೆ ಬಿಟ್ಟು ಇರೋಕೆ ಆಗದ ಮಗುಗೆ ಕಷ್ಟ ಆಗತ್ತೆ.

ಅಪ್ರೆಂಟಿಸ್‌ಶಿಪ್ ವಿಷಯಕ್ಕೆ ಬರ್ತೀನಿ, ಇಲ್ಲಿ ಮೋಸ ಹೋಗೋರು ಜಾಸ್ತಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಂಪನಿ ತನ್ನ ಕೆಲಸಗಾರರ ಸಂಖ್ಯೆಯ ಶೇಕಡ 2.5ರಿಂದ 15ರವರೆಗೆ ಅಪ್ರೆಂಟಿಸ್ ತಗೋಬೇಕು. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ಸ್ಟೈಪೆಂಡ್ ಅಂತ ಹಾಕಿದ್ರು, ಎಷ್ಟೋ ಕಂಪನಿ ಇದಕ್ಕಿಂತ ಜಾಸ್ತಿನೇ ಕೊಡತ್ತೆ, ನೀವು ಸೇರೋವಾಗ ಆ ವರ್ಷದ ದರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಡ್ಕೊಳಿ. ಇದು ಸಂಬಳ ಅಲ್ಲ, ಅಪ್ರೆಂಟಿಸ್ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಟ್ಟುಪಾಡೂ ಇಲ್ಲ. ಆದ್ರೆ ಸರ್ಕಾರದ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆದ ಕಾಂಟ್ರ್ಯಾಕ್ಟ್ ಇದ್ರೆ ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗತ್ತೆ, ಕೆಲಸದಲ್ಲಿ ಏಟಾದ್ರೆ ಪರಿಹಾರಕ್ಕೆ ಕಾನೂನು ಇರತ್ತೆ. ಕೆಲವು ಏಜೆನ್ಸಿಯವರು "ಟ್ರೈನಿ" ಅಂತ ಲೆಟರ್ ಕೊಟ್ಟು ಮೂರು ಶಿಫ್ಟ್ ಲೋಡಿಂಗ್ ಅನ್‌ಲೋಡಿಂಗ್ ಮಾಡಿಸಿ ವರ್ಷ ಆದಮೇಲೆ ಕೈಗೆ ಒಂದು ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟು ಕಳಿಸ್ತಾರೆ, ಅದಕ್ಕೂ ಅಪ್ರೆಂಟಿಸ್‌ಶಿಪ್‌ಗೂ ಸಂಬಂಧ ಇಲ್ಲ. ಸಹಿ ಹಾಕೋ ಮುಂಚೆ "ನನ್ನ ಅಪ್ರೆಂಟಿಸ್ ಕಾಂಟ್ರ್ಯಾಕ್ಟ್ ನಂಬರ್ ಯಾವುದು" ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಎದ್ದು ಬನ್ನಿ.

ಸರ್ಕಾರಿ ಕೆಲಸದ ಆಸೆ ಇರೋ ಮನೆಯವರಿಗೆ ಒಂದು ಲೆಕ್ಕ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಥರದ ಕಡೆ ಅಪ್ರೆಂಟಿಸ್ ಆಯ್ಕೆಗೆ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತೆ ಐಟಿಐ ಮಾರ್ಕ್ಸ್ ಸೇರಿಸಿ ಮೆರಿಟ್ ಲಿಸ್ಟ್. ಹಂಗಾಗಿ "ಐಟಿಐ ತಾನೇ" ಅಂತ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಡೆಗಣಿಸಿದವರಿಗೆ ಇಲ್ಲಿ ಏಟು ಬೀಳತ್ತೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ಮೊದಲ ಹಂತದ ಹುದ್ದೆ) ನೇಮಕಾತಿಯಲ್ಲಿ ಶೇಕಡ 20 ಮೀಸಲು ಇದೆ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೂ ಐಟಿಐ ಸಾಕು, ಡಿಪ್ಲೊಮಾದವರೂ ಬರೀಬಹುದು. ಈ ಒಂದು ದಾರಿಗಾಗಿಯೇ ಫಿಟ್ಟರ್, ಎಲೆಕ್ಟ್ರಿಷಿಯನ್ ತಗೊಳ್ಳೋ ಹುಡುಗರು ಉತ್ತರ ಕರ್ನಾಟಕದಲ್ಲಿ ತುಂಬ ಇದಾರೆ, ಬುದ್ಧಿವಂತ ಲೆಕ್ಕ ಅದು.

ನೇರ ಲೈನ್ ಕೆಲಸ. ನರಸಾಪುರ, ದೇವನಹಳ್ಳಿ ಕಡೆ ಮೊಬೈಲ್ ಫ್ಯಾಕ್ಟರಿಗಳು ಬಂದ ಮೇಲೆ ಪಿಯುಸಿ ಆದ ತಕ್ಷಣ ಮಕ್ಕಳು, ಅದರಲ್ಲೂ ಹೆಣ್ಮಕ್ಕಳು ಹೋಗ್ತಾ ಇದಾರೆ, ಮೊದಲ ತಿಂಗಳಿಂದಲೇ ದುಡ್ಡು ಬರತ್ತೆ, ಪಿಎಫ್, ಇಎಸ್‌ಐ ಇರತ್ತೆ, ಮನೆ ಕಷ್ಟದಲ್ಲಿ ಇರೋರಿಗೆ ಇದು ಬೇಡ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ. ಆದ್ರೆ ಒಂದೇ ಸ್ಕ್ರೂ ಎರಡು ವರ್ಷ ಹಾಕಿದ್ರೂ ಹೊರಗೆ ಬಂದಾಗ ಕೈಯಲ್ಲಿ ಟ್ರೇಡ್ ಇರಲ್ಲ. ಹೋಗಲೇಬೇಕು ಅಂದ್ರೆ ಎರಡು ವರ್ಷ ಅಂತ ಗಡುವು ಹಾಕ್ಕೊಂಡು ಹೋಗಿ, ದುಡ್ಡು ಕೂಡಿಸಿ, ವಾಪಸ್ ಬಂದು ಐಟಿಐ ಸೇರಿ, 14 ವರ್ಷ ತುಂಬಿದ ಮೇಲೆ ಐಟಿಐಗೆ ಯಾವಾಗ ಬೇಕಾದ್ರೂ ಸೇರಬಹುದು.

ಈಗ ಎಲ್ಲರೂ ಹೆದರೋ ವಿಷಯ, "ಐಟಿಐಗೆ ಹಾಕಿದ್ರೆ ಅಲ್ಲಿಗೇ ನಿಂತು ಹೋಗ್ತಾನೆ" ಅನ್ನೋದು. ಬೆರಳು ಮಡಚಿ ಎಣಿಸೋಣ. ಎರಡು ವರ್ಷದ ಐಟಿಐ ಪಾಸಾದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಆದವರು ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಎರಡು, ಡಿಪ್ಲೊಮಾ ಎರಡು, ಬಿಇ ಮೂರು, ಒಟ್ಟು ಏಳು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು, ಆರು ವರ್ಷ. ಪಿಯುಸಿ ಎರಡು, ಬಿಇ ನಾಲ್ಕು, ಅದೂ ಆರು ವರ್ಷ. ವ್ಯತ್ಯಾಸ ಒಂದೇ ಒಂದು ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ಐಟಿಐ ಹುಡುಗನಿಗೆ ಹದಿನೆಂಟು ವಯಸ್ಸಿಗೇ ಅನ್ನ ಕೊಡೋ ಒಂದು ಟ್ರೇಡ್ ಕೈಯಲ್ಲಿರತ್ತೆ, ಮಧ್ಯದಲ್ಲಿ ಮನೇಲಿ ಏನಾದ್ರೂ ಆಗಿ ಓದು ನಿಂತ್ರೂ ಅವನು ನಿಲ್ಲಲ್ಲ. ಪಿಯುಸಿ ಸೈನ್ಸ್ ಮಧ್ಯದಲ್ಲಿ ನಿಂತವರ ಕೈಯಲ್ಲಿ ಏನಿರತ್ತೆ ಅಂತ ನಿಮಗೇ ಗೊತ್ತು. ನಮ್ಮ ಶಾಪ್‌ನ ಈಗಿನ ಪ್ರೊಡಕ್ಷನ್ ಮ್ಯಾನೇಜರ್ ಐಟಿಐ ಟರ್ನರ್ ಆಗಿ ಬಂದವರು, ಕೆಲಸ ಮಾಡ್ತಾ ಸಂಜೆ ಓದಿ ಡಿಪ್ಲೊಮಾ ಮಾಡ್ಕೊಂಡ್ರು, ಹುಡುಗರು ಏನಾದ್ರೂ ಮಿಷಿನ್ ಬಗ್ಗೆ ಕುಂಟು ನೆಪ ಹೇಳಿದ್ರೆ ಕೋಟ್ ತೆಗೆದು ತಾವೇ ನಿಲ್ತಾರೆ.

ನಂಗೆ ಅನ್ಸೋದು ಹೇಳಿಬಿಡ್ತೀನಿ. ಮನೆಗೆ ಎರಡು ವರ್ಷದಲ್ಲಿ ಸಂಬಳ ಬೇಕು, ಹುಡುಗ ಕೈ ಕೆಲಸದವನು ಅಂದ್ರೆ ಸರ್ಕಾರಿ ಐಟಿಐ ಫಿಟ್ಟರ್ ಅಥವಾ ಮಷಿನಿಸ್ಟ್, ಆಮೇಲೆ ಒಂದು ವರ್ಷ ರಿಜಿಸ್ಟರ್ ಆದ ಅಪ್ರೆಂಟಿಸ್. ನಾಲ್ಕು ವರ್ಷ ಕಾಯೋಕೆ ಆಗತ್ತೆ, ಫೀಸಿಗೆ ದಾರಿ ಇದೆ, ಹುಡುಗನಿಗೆ ಕೈಯೂ ಇದೆ ತಲೆಯೂ ಇದೆ ಅಂದ್ರೆ ಜಿಟಿಟಿಸಿ, ಕಣ್ಣು ಮುಚ್ಕೊಂಡು. ಗಣಿತ ಇಷ್ಟ, ಮುಂದೆ ಬಿಇ ಖಂಡಿತ ಮಾಡಬೇಕು ಅಂದ್ರೆ ಸರ್ಕಾರಿ ಪಾಲಿಟೆಕ್ನಿಕ್. ದುಡ್ಡೇ ಇಲ್ಲ, ಮಗು ಚುರುಕು ಅಂದ್ರೆ ಮೊದಲು ಟೊಯೋಟಾ ಅರ್ಜಿ, ಸಿಗಲಿಲ್ಲ ಅಂದ್ರೆ ಐಟಿಐ. ಊರಿಗೆ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ಮಿಷಿನ್ ಇಲ್ಲದ ಪ್ರೈವೇಟ್ ಕಾಲೇಜಿಗೆ ಮಾತ್ರ ಹಾಕಬೇಡಿ.

ಹೆಣ್ಮಕ್ಕಳ ಬಗ್ಗೆ ಬೇರೆಯಾಗಿ ಒಂದು ಮಾತು, ಯಾಕಂದ್ರೆ ಈ ವರ್ಷ ನಮ್ಮ ಅಕ್ಕನ ಮಗಳದ್ದೇ ಎಸ್ಸೆಸ್ಸೆಲ್ಸಿ ಆಗಿದೆ. ಅವಳಿಗೆ ಟರ್ನರ್ ಸೇರಬೇಕು ಅಂತ ಆಸೆ, ಅಕ್ಕ "ಹೆಣ್ಣುಹುಡುಗಿ ಲೇತ್ ಮುಂದೆ ನಿಂತ್ಕೋತಾಳಾ" ಅಂತ ಒಂದು ವಾರ ಊಟ ಬಿಟ್ಲು. ನಮ್ಮ ಕ್ವಾಲಿಟಿ ವಿಭಾಗದಲ್ಲಿ, ಗ್ರೈಂಡಿಂಗ್‌ನಲ್ಲಿ, ಸಿಎನ್‌ಸಿಯಲ್ಲಿ ಈಗ ಹುಡುಗಿಯರು ಇದಾರೆ, ಅಳತೆ ವಿಷಯದಲ್ಲಿ ಅವರಷ್ಟು ಖಚಿತ ಹುಡುಗರು ಇರಲ್ಲ ಅಂತ ನಾನು ಕಣ್ಣಾರೆ ನೋಡಿದೀನಿ. ಸರ್ಕಾರಿ ಬಸ್ ಹೆಣ್ಮಕ್ಕಳಿಗೆ 2023ರಿಂದ ಫ್ರೀ ಇರೋದ್ರಿಂದ ಪಕ್ಕದ ತಾಲೂಕಿನ ಒಳ್ಳೆ ಐಟಿಐಗೂ ದಿನಾ ಹೋಗಿ ಬರಬಹುದು, ಹತ್ತಿರದ್ದೇ ಬೇಕು ಅಂತ ಇಲ್ಲ. ಕಾಲೇಜಲ್ಲಿ ಹುಡುಗಿಯರಿಗೆ ಶೌಚಾಲಯ, ಬಟ್ಟೆ ಬದಲಾಯಿಸೋ ಕೋಣೆ ಇದ್ಯಾ, ಜಡೆ ಒಳಗೆ ಕಟ್ಟಿ ಕ್ಯಾಪ್ ಹಾಕಿಸ್ತಾರಾ, ದುಪಟ್ಟಾ ಬಿಟ್ಟು ಏಪ್ರನ್ ಹಾಕಿಸ್ತಾರಾ ಇದನ್ನೆಲ್ಲ ನೋಡಬೇಕು, ಲೇತ್‌ನ ತಿರುಗೋ ಚಕ್ (ಪೀಸ್ ಹಿಡಿಯೋ ಭಾಗ) ಹತ್ರ ಸಡಿಲ ಬಟ್ಟೆ ಜೀವಕ್ಕೇ ಅಪಾಯ.

ಸೋಮವಾರ ಅಕ್ಕ, ಅವಳ ಮಗಳು ಇಬ್ಬರೂ ಐಟಿಐ ನೋಡೋಕೆ ಹೋಗ್ತಾ ಇದಾರೆ. ನಾನು ರಜಾ ಹಾಕೋಕೆ ಆಗಲಿಲ್ಲ, ಅದಕ್ಕೇ ಫೋನಲ್ಲಿ ಹೇಳಿದೀನಿ, ಆಫೀಸ್ ರೂಮ್‌ನಲ್ಲಿ ಕೂತು ಬರೀ ಮಾತು ಕೇಳ್ಕೊಂಡು ಬರಬೇಡಿ, ವರ್ಕ್‌ಶಾಪ್ ತೋರಿಸಿ ಅನ್ನಿ, ಪ್ರತಿ ಲೇತ್ ಕೆಳಗೆ ಬಗ್ಗಿ ಟ್ರೇ ನೋಡಿ, ಹೊಳೆಯೋ ಹೊಸ ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಸುರುಳಿ) ಬಿದ್ದಿದ್ರೆ ಮಿಷಿನ್ ಓಡ್ತಾ ಇದೆ ಅಂತ ಅರ್ಥ, ಧೂಳು ಕೂತಿದ್ರೆ, ತುಕ್ಕು ಹಿಡಿದ ಹಳೇ ಸುರುಳಿ ಇದ್ರೆ ಇನ್ನೊಂದು ಕಾಲೇಜು ನೋಡೋಣ, ಅರ್ಜಿಗೆ ಇನ್ನೂ ದಿನ ಇದೆ ಅಂತ.